ಕಲ್ಲವ್ವನಿಗೆ ಬಿದ್ದ ಕಲ್ಲು

ಪುಣೆಯ ನಿಗಡಿಯಲ್ಲಿ ಉಮಾವತಿಯ ಕಡಕ್ ರೊಟ್ಟಿ ಎಷ್ಟು ಹೆಸರುವಾಸಿಯೋ ಆಕೆಯ ಸಿಟ್ಟೂ ಅಷ್ಟೇ ಹೆಸರುವಾಸಿ. ರೊಟ್ಟಿ ಇನ್ನೂ ತೆಳ್ಳಗಿರಬೇಕಿತ್ತು ಅಂದ ಗಿರಾಕಿಗೆ “ಹಂಗಾರ ಪೇಪರ್ ತಿನ್ರಿ” ಅಂದು ಬಾಗಿಲು ತೋರಿಸಿದವಳು ಆಕೆ. ಹಾಗೆ ಬೈಸಿಕೊಂಡು ಹೋದವರು ಎಂಟು ದಿನ ಬಿಗುಮಾನ ಮಾಡಿ ಒಂಬತ್ತನೇ ದಿನ ಬಂದೇ ಬರುತ್ತಿದ್ದರು. ಹಿಂಜವಾಡಿಯ ಕಂಪನಿಗಳಲ್ಲಿ ದುಡಿಯುವ ಬೆಳಗಾವಿ, ಧಾರವಾಡ ಕಡೆಯವರಿಗೆ ಅಂಥ ರೊಟ್ಟಿ ಬೇರೆ ಎಲ್ಲಿ ಸಿಗಬೇಕು? ಮದುವೆಯಾಗಿ ಇಪ್ಪತ್ತನೇ ವಯಸ್ಸಿಗೆ ಪುಣೆಗೆ ಬಂದವಳಿಗೆ ಈಗ ಐವತ್ತೆಂಟು. ಕಾಯಿಪಲ್ಲೆ ಮಂಡಿಯಲ್ಲಿ ಆಕೆ ಮರಾಠಿಯಲ್ಲಿ ಜಗಳಾಡುವುದನ್ನು ಕೇಳಿದರೆ ಹುಟ್ಟಿದ್ದೇ ಅಲ್ಲಿ ಅನ್ನಬೇಕು. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಮಾತ್ರ ಶುದ್ಧ ಬೈಲಹೊಂಗಲದ ಕನ್ನಡ.

ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ಆಕೆಯ ತಾಯಿಯ ಹೆಸರು ಕಲ್ಲವ್ವ. ಬೈಲಹೊಂಗಲದಲ್ಲಿ ಸಾಹುಕಾರರೊಬ್ಬರ ಮನೆಯಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಒಂದು ದಿನ ಅಲ್ಲಿ ಬೆಳ್ಳಿ ತಂಬಿಗೆ ಕಾಣೆಯಾಯಿತು. “ಹೆಸರ ಕಳ್ಳವ್ವ ಅದ, ಮತ್ತ ಯಾರನ್ನ ಕೇಳೂದು?” ಅಂದ ಸಾಹುಕಾರ. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನಗೆಯೇ ತೀರ್ಪಾಯಿತು, ಕಲ್ಲವ್ವನ ಕೆಲಸ ಹೋಯಿತು. ಹದಿನೈದು ದಿನದ ಮೇಲೆ ಬಾವಿಯ ಹೂಳು ತೆಗೆಸುವಾಗ ತಂಬಿಗೆ ಸಿಕ್ಕಿತು. ತಪ್ಪಾಯಿತು ಅನ್ನಲು ಒಂದು ನರಪಿಳ್ಳೆಯೂ ಕಲ್ಲವ್ವನ ಬಾಗಿಲಿಗೆ ಬರಲಿಲ್ಲ. ಸಾಲೆಯಲ್ಲಿ ಮಕ್ಕಳು “ಕಳ್ಳವ್ವನ ಮಗಳು” ಎಂದು ಕೂಗುವುದೂ ನಿಲ್ಲಲಿಲ್ಲ. ಹತ್ತು ವರ್ಷದ ಉಮಾವತಿ ಒಬ್ಬನ ತಲೆಯ ಮೇಲೆ ಪಾಟಿ ಒಡೆದು ಸಾಲೆಯಿಂದ ಹೊರಬಿದ್ದಳು. ತಾಯಿ ಹೋಗಿ ಇಪ್ಪತ್ತು ವರ್ಷವಾದರೂ ಆ ಹೆಸರಿಗೆ ಬಡಿದ ಮಸಿ ನೆನಪಾದರೆ ಇವತ್ತಿಗೂ ಆಕೆಯ ಮೈಯೆಲ್ಲ ಉರಿಯುತ್ತದೆ.

ಇದೆಲ್ಲ ಆಕೆಯ ಗಂಡ ಈರಬಸಪ್ಪನಿಗೆ ಗೊತ್ತು. ಮದುವೆಯಾದ ಹೊಸದರಲ್ಲೇ ಅಳುತ್ತಾ ಹೇಳಿದ್ದಳು. ಈರಬಸಪ್ಪ ಆಕುರ್ಡಿಯ ಒಂದು ಕಾರಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಕೆಟ್ಟವನೇನಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಆದರೆ ತಾನು ಇತಿಹಾಸ ಬಲ್ಲವನು ಅನ್ನುವ ಒಂದು ದೊಡ್ಡ ರೋಗವಿತ್ತು. ಇಪ್ಪತ್ತಾರು ವರ್ಷದ ಹಿಂದೆ ಕಾರಖಾನೆಯ ಗೆಳೆಯರ ಜೊತೆ ತಳೇವಾಡಿ ಅನ್ನುವ ಗುಡ್ಡದ ಮೇಲಿನ ಊರಿಗೆ ಹೋಗಿದ್ದ. ಅಲ್ಲಿ ಕೊಳದ ದಂಡೆಯ ಮೇಲೆ ಒಂದು ಕಲ್ಲು ನೆಟ್ಟಿತ್ತು. ಬಳೆ ತೊಟ್ಟ ಒಂದು ಕೈ, ಆ ಕೈಯಲ್ಲಿ ಒಂದು ಬಿಂದಿಗೆ, ಕೆಳಗೆ ಊರವರಿಗೆ ಬಾರದ ಅಕ್ಷರ. ಇವನು ನೋಡಿ, ಇದು ಕನ್ನಡ, ಮುನ್ನೂರು ವರ್ಷದ ಹಿಂದಿನ ಬರಗಾಲದಲ್ಲಿ ನೀರು ಕದ್ದವಳ ಕೈ ಕಡಿದು ನೆಟ್ಟ ಕಲ್ಲು ಎಂದು ಹೇಳಿ ಬಂದ. ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ‘ನೀರು ಕದ್ದವಳು’ ಎಂದು ನಾಲ್ಕು ಪುಟ ಬರೆದ. ಸಂಘದವರು ಶಾಲು ಹೊದಿಸಿದರು. ಆ ಶಾಲನ್ನು ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟು, ವರ್ಷಕ್ಕೊಮ್ಮೆ ತೆಗೆಸಿ ಬಿಸಿಲಿಗೆ ಹಾಕಿಸುತ್ತಿದ್ದ. ಲೇಖನದಲ್ಲೂ ಮನೆಯಲ್ಲೂ ಅವನ ಬಾಯಲ್ಲಿ ಅದು ‘ಕಳ್ಳಿಯ ಕಲ್ಲು’. ಹೆಂಡತಿ ಒಂದೆರಡು ಸಲ ನಾನೂ ನೋಡಬೇಕು ಅಂದಾಗ, ಗುಡ್ಡ ಹತ್ತಲಿಕ್ಕೆ ನಿನ್ನ ಮೊಣಕಾಲು ಕೇಳಂಗಿಲ್ಲ ಎಂದು ಜಾರಿಕೊಂಡಿದ್ದ.

ಈಗ ಗುಡ್ಡಕ್ಕೆ ಡಾಂಬರು ರಸ್ತೆಯಾಗಿದೆ. ರವಿವಾರ ಬಂತೆಂದರೆ ಪುಣೆಯ ಕಾರುಗಳು ಸಾಲುಗಟ್ಟಿ ಏರುತ್ತವೆ. ತಳೇವಾಡಿಯ ಸರಪಂಚ ಫೋನು ಮಾಡಿ, ಕಲ್ಲಿನ ಪಕ್ಕ ಕನ್ನಡ, ಮರಾಠಿ ಎರಡರಲ್ಲೂ ಫಲಕ ಹಾಕೋಣ, ಕಥೆ ಹುಡುಕಿಕೊಟ್ಟವರು ನೀವು, ಪತ್ನೀಸಮೇತ ಬಂದು ಸತ್ಕಾರ ಸ್ವೀಕರಿಸಬೇಕು ಅಂದ. ಪತ್ನೀಸಮೇತ ಅಂದಮೇಲೆ ಬಿಟ್ಟು ಹೋಗುವುದು ಹೇಗೆ? ಈರಬಸಪ್ಪ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಫಲಕ ಮಾಡಿಸಿ, ಪೇಪರಿನಲ್ಲಿ ಸುತ್ತಿ, ಮಗ ವಿಕಾಸನ ಕಾರಿನ ಮೇಲೆ ಕಟ್ಟಿಸಿದ. ಸೊಸೆ ಸಾಯಲಿ ಮರಾಠಿ ಹುಡುಗಿ, ಮುಂದಿನ ಸೀಟಿನಲ್ಲಿ ಕುಳಿತಳು. ಹಿಂದೆ ಗಂಡ, ಹೆಂಡತಿ, ನಡುವೆ ರೊಟ್ಟಿ ಬುತ್ತಿಯ ಗಂಟು.

“ಇವತ್ತೊಂದಿನ ಬಾಯಿ ಸ್ವಲ್ಪ ಬಿಗಿ ಹಿಡಿ, ಉಮಾ. ದೊಡ್ಡ ಮಂದಿ ಬರ್ತಾರ,” ಅಂದ ಈರಬಸಪ್ಪ.

“ನನ್ನ ಬಾಯಿ ನಿಮ್ಮ ಸ್ಟೋರಿನ ಕಪಾಟಲ್ಲ, ಕೀಲಿ ಹಾಕಿ ಕಿಸೆದಾಗ ಇಟ್ಕೊಳ್ಳಿಕ್ಕೆ,” ಅಂದಳು ಉಮಾವತಿ. ವಿಕಾಸ ನಕ್ಕ. ಹಿಂಜವಾಡಿಯ ಟ್ರಾಫಿಕ್ಕು ದಾಟುವಷ್ಟರಲ್ಲಿ ಎಲ್ಲರ ನಗುವೂ ಇಂಗಿಹೋಗಿತ್ತು.

ತಳೇವಾಡಿಯಲ್ಲಿ ಮೂವತ್ತು ಮನೆ. ಬೋಳು ಗುಡ್ಡ, ಸುತ್ತ ಕರಿಗಲ್ಲು, ನೆರಳಿಗೆ ಅಂತ ನಾಲ್ಕು ಮರ. ಅಂಥ ಜಾಗದಲ್ಲಿ ಬಂಡೆ ಕೊರೆದು ಮಾಡಿದ ಕೊಳ, ತುಂಬ ತಿಳಿ ನೀರು. ಮೇ ತಿಂಗಳಲ್ಲೂ ಬತ್ತುವುದಿಲ್ಲವಂತೆ. ಈ ನೆತ್ತಿಯ ಮೇಲೆ ನೀರಿದೆ ಎಂದು ಯಾರು ಕಂಡರು, ಯಾರು ಕೊರೆಸಿದರು, ಯಾರಿಗೂ ತಿಳಿಯದು. ಪುಣೆಯಿಂದ ದೊಡ್ಡ ದೊಡ್ಡವರು ಬಂದು ನೋಡಿ ತಲೆ ಕೆರೆದುಕೊಂಡು ಹೋದರು ಎಂದು ಸರಪಂಚ ಹೆಮ್ಮೆಯಿಂದ ಹೇಳಿದ. ಉಮಾವತಿ ಬೊಗಸೆಯಲ್ಲಿ ಎತ್ತಿ ಕುಡಿದಳು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು, ಸಿಹಿಯಾಗಿತ್ತು.

ಕೊಳದ ಆಚೆ ದಂಡೆಯಲ್ಲಿ ಆ ಕಲ್ಲು. ಅರ್ಧ ಮಾತ್ರ ಕಾಣುತ್ತಿತ್ತು, ಬಳೆಯ ಕೈ, ಬಿಂದಿಗೆ. ಕೆಳಗಿನ ಅರ್ಧವನ್ನು ಸೊಂಟದೆತ್ತರದ ಕಲ್ಲುಗುಪ್ಪೆ ಮುಚ್ಚಿತ್ತು. ಬಂದವರು ಕಳ್ಳಿಗೆ ಒಂದೊಂದು ಕಲ್ಲು ಹೊಡೆದು ಮುಂದೆ ಹೋಗುವುದು ಪದ್ಧತಿ ಎಂದು ಸರಪಂಚ ವಿವರಿಸಿದ. ಅವರು ನೋಡುತ್ತಿದ್ದಂತೆಯೇ ಕಾರಿನಿಂದ ಇಳಿದ ಒಂದು ಗುಂಪು ಕಿಲಕಿಲ ನಗುತ್ತಾ ಕಲ್ಲು ಬೀಸಿತು, ಫೋನಿನಲ್ಲಿ ಚಿತ್ರ ತೆಗೆದುಕೊಂಡಿತು, ಅದೇ ಕೊಳದಲ್ಲಿ ಬಾಟಲಿ ತುಂಬಿಕೊಂಡಿತು. ಉಮಾವತಿಗೆ ಸರಿಬೀಳಲಿಲ್ಲ. ಕದ್ದವಳೇ ಇರಲಿ, ಬಾಯಾರಿ ಕದ್ದದ್ದು ಒಂದು ಕೊಡ ನೀರು. ಅದಕ್ಕೆ ಮುನ್ನೂರು ವರ್ಷ ಕಲ್ಲೇಟೇ?

ನಲವತ್ತು ಐವತ್ತು ಜನ ಸೇರಿದರು. ಸರಪಂಚ ಈರಬಸಪ್ಪನಿಗೆ ಹಾರ ಹಾಕಿದ, ಗಂಡ ಹೆಂಡತಿಗೆ ತೆಂಗಿನಕಾಯಿ ಕೊಟ್ಟ, ಉಮಾವತಿಯ ಕೈಗೆ ಹಸಿರು ಸೀರೆ ಇಟ್ಟ. ಆಮೇಲೆ ಫಲಕದ ಪೇಪರ್ ಹರಿದರು. ಮೇಲೆ ಕೆಂಪು ಬಣ್ಣದಲ್ಲಿ, ಅಂಗೈಯಗಲದ ಅಕ್ಷರದಲ್ಲಿ ಕನ್ನಡ: ‘ಕಳ್ಳವ್ವನ ಕಲ್ಲು.’

ಉಮಾವತಿ ಎರಡು ಸಲ ಓದಿದಳು. ಸೀರೆ ಕೈಯಿಂದ ಜಾರಿ ಕೆಳಗೆ ಬಿತ್ತು.

“ರೀ, ಈ ಹೆಸರು ಎಲ್ಲಿಂದ ಬಂತು?”

“ಇಲ್ಲಿ ಮಂದಿ ಹಂಗ ಕರೀತಾರ. ಸುಮ್ನಿರು, ಆಮ್ಯಾಲೆ ಹೇಳ್ತೀನಿ.”

ಸುಮ್ಮನಿರುವ ಜೀವವೇ ಅದು? ಮುಂದಿನ ಸಾಲಿನಲ್ಲಿ ನಿಂತಿದ್ದ ಮುದುಕಿಯ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು, “ಅಜ್ಜಿ, ಇದಕ್ಕೆ ನೀವು ಏನಂತ ಕರೀತೀರಿ?”

ಮುದುಕಿಯ ಹೆಸರು ಹೌಸಾಬಾಯಿ, ಕೊಳದ ಎದುರಿನ ಮನೆಯವಳು. “ಕಲ್ಲವಾ. ನಮ್ಮ ಅತ್ತೆ ಕಲ್ಲವಾ ಆಯಿ ಅನ್ನುತ್ತಿದ್ದಳು,” ಅಂದಳು.

“ಕೇಳಿದ್ರಿ?” ಉಮಾವತಿ ಗಂಡನ ಕಡೆ ತಿರುಗಿದಳು. “ಕಲ್ಲವಾ. ಲ ಅದ, ಳ ಅಲ್ಲ. ಕಲ್ಲವ್ವ!”

ಈರಬಸಪ್ಪ ಜನರಿಗೂ ತಿಳಿಯಲಿ ಎಂದು ಮರಾಠಿಯಲ್ಲೇ, ಪಾಠ ಹೇಳುವವನ ಧಾಟಿಯಲ್ಲಿ ಹೇಳಿದ, “ಮೂಲ ಶಬ್ದ ಕಳ್ಳವ್ವ. ಕನ್ನಡದ ಳಕಾರ ಮರಾಠಿ ನಾಲಿಗೆಯಲ್ಲಿ ಸವೆದು ಲ ಆಗಿದೆ. ಭಾಷೆಯಲ್ಲಿ ಇದು ಸಹಜ.”

ಉಮಾವತಿಯ ಪಿತ್ತ ನೆತ್ತಿಗೇರಿತು. “ಏನಂದ್ರಿ? ಮರಾಠಿಯವರಿಗೆ ಳ ಬರಂಗಿಲ್ಲ? ಮೂವತ್ತೆಂಟು ವರ್ಷ ಮಂಡಿಯಾಗ ನಾ ಏನು ಕಿವಿಯಾಗ ಹತ್ತಿ ಇಟ್ಕೊಂಡು ಸಂತಿ ಮಾಡೇನಿ?” ಅಂದವಳೇ ಸೊಸೆಯ ಕೈ ಹಿಡಿದು ಮುಂದಕ್ಕೆ ಎಳೆದಳು. “ಸಾಯಲಿ, ಬೆಲ್ಲಕ್ಕ ಏನಂತೀರಿ?”

“ಗೂಳ,” ಅಂದಳು ಸಾಯಲಿ.

“ತೆಂಗಿನಕಾಯಿಗೆ?”

“ನಾರಳ.”

“ಅಕ್ಕಿಗೆ?”

“ತಾಂದೂಳ, ಆಯಿ.”

“ಬಾಳೆಹಣ್ಣಿಗೆ ಕೇಳ. ದಿನಾ ಬಾಯಿ ತುಂಬ ಳ ತಿನ್ನೂ ಮಂದಿ, ಇದೊಂದ ಹೆಸರಿನ್ಯಾಗ ಲ ಅಂದ್ರಂತ! ಯಾರ ಕಿವೀಗೆ ಹೂವು ಇಡ್ತೀರಿ?”

ಕನ್ನಡ ತಿಳಿಯದಿದ್ದರೂ ಜಗಳ ತಿಳಿದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಈರಬಸಪ್ಪನ ಮುಖ ಕೆಂಪಾಯಿತು. ಆದರೆ ಹೌಸಾಬಾಯಿ ನಗಲಿಲ್ಲ. “ಮೊದಲು ನಾವು ಇದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದೆವು, ಬಾಯಿ,” ಅಂದಳು. “ಊರಿಗೆ ಬಂದ ಹೊಸ ಸೊಸೆ ಮೊದಲ ಕೊಡದ ನೀರು ಇದರ ಮೇಲೆ ಸುರಿದು ಆಮೇಲೆ ಮನೆಗೆ ಒಯ್ಯಬೇಕು. ನಾನೂ ಸುರಿದಿದ್ದೇನೆ. ಆಮೇಲೆ ನಿಮ್ಮ ಸಾಹೇಬರು ಬಂದು ಇವಳು ಕಳ್ಳಿ ಅಂದರು. ಕಳ್ಳಿಯನ್ನ ಪೂಜೆ ಮಾಡಿದೆವಲ್ಲ ಎಂದು ಊರಿಗೆ ನಾಚಿಕೆ ಆಯಿತು. ಅಂದಿನಿಂದ ಕಲ್ಲು ಬೀಳಲಿಕ್ಕೆ ಹತ್ತಿದ್ದು.”

ಇಷ್ಟು ಕೇಳಿದ ಮೇಲೆ ಉಮಾವತಿ ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕೆಟ್ಟ ಮೊಣಕಾಲು ಊರಿ ಕುಳಿತು, ಗುಪ್ಪೆಯ ಕಲ್ಲು ಎತ್ತಿ ಎತ್ತಿ ಹಿಂದಕ್ಕೆ ಒಗೆಯತೊಡಗಿದಳು. ಸರಪಂಚ ಗಾಬರಿಯಾದ. “ಬಾಯಿ, ಅದು ಇಪ್ಪತ್ತೈದು ವರ್ಷದ ಗುಪ್ಪೆ! ಜನ ಅದನ್ನೇ ನೋಡಲಿಕ್ಕೆ ಬರುತ್ತಾರೆ,” ಅಂದ.

“ಇಪ್ಪತ್ತೈದು ವರ್ಷದ ಪಾಪ ಅನ್ನಿ,” ಅಂದಳು ಆಕೆ, ತಲೆ ಎತ್ತದೆ.

ಸಾಯಲಿ ಬಂದು ಪಕ್ಕ ಕುಳಿತಳು. ಹೌಸಾಬಾಯಿ ಬಂದಳು, ಆಕೆಯ ಹಿಂದೆ ಊರಿನ ನಾಲ್ಕಾರು ಹೆಂಗಸರು. ಗಂಡಸರು ಮಾತ್ರ ಸತ್ಕಾರದ ಕುರ್ಚಿಗಳ ಹಿಂದೆ ನಿಂತು ಗುಸುಗುಸು ಮಾಡಿದರು. ಈರಬಸಪ್ಪ ಎರಡು ಸಲ “ಏ ಉಮಾ, ಏಳು, ಮಾನ ತಗೀಬ್ಯಾಡ” ಅಂದ. ಆಕೆ ಒಗೆದ ಒಂದು ಕಲ್ಲು ಅವನ ಬೂಟಿನ ಹತ್ತಿರ ಬಂದು ಬಿತ್ತು. ಬೇಕೆಂದೇ ಒಗೆದಳೋ ಏನೋ, ದೇವರಿಗೇ ಗೊತ್ತು.

ಅರ್ಧ ತಾಸಿನಲ್ಲಿ ಕಲ್ಲಿನ ಬುಡ ಕಂಡಿತು. ಹಳೆಯ ಕುಂಕುಮ ಅಲ್ಲಲ್ಲಿ ಕಪ್ಪಗೆ ಕಚ್ಚಿಕೊಂಡಿತ್ತು. ಅದರ ನಡುವೆ ಒಂದು ಸಾಲು ಅಕ್ಷರ, ಸವೆದು ಕಲ್ಲಿನ ಬಣ್ಣದಲ್ಲೇ ಕರಗಿಹೋಗಿತ್ತು. ಉಮಾವತಿ ಬೆರಳಾಡಿಸಿ ನೋಡಿದಳು. ಗೀರು ತಿಳಿಯುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಹಿಟ್ಟಿನಲ್ಲೇ ಜನ್ಮ ಸವೆಸಿದವಳು, ಮತ್ತೇನು ಹೊಳೆಯಬೇಕು? “ಅಜ್ಜಿ, ಮನೆಯಲ್ಲಿ ಜೋಳದ ಹಿಟ್ಟು ಇದ್ದರೆ ಒಂದು ಬಟ್ಟಲು ಕೊಡಿ,” ಅಂದಳು. ಹೌಸಾಬಾಯಿ ಹೋಗಿ ತಂದುಕೊಟ್ಟಳು. ಉಮಾವತಿ ಹಿಟ್ಟನ್ನು ಕಲ್ಲಿಗೆ ತಿಕ್ಕಿ, ಅಂಗೈಯಿಂದ ಮೇಲೆ ಮೇಲೆ ಸವರಿದಳು. ಹಿಟ್ಟು ಗೀರಿನಲ್ಲಿ ಉಳಿಯಿತು, ಉಳಿದದ್ದು ಉದುರಿತು. ಕಪ್ಪು ಕಲ್ಲಿನ ಮೇಲೆ ಬಿಳಿ ಅಕ್ಷರ ಒಂದೊಂದಾಗಿ ಮೂಡಿದವು. ಸೊಟ್ಟಗಿದ್ದವು, ಆದರೆ ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವರೂ ಓದಬಹುದಾಗಿತ್ತು.

‘ಈ ನೀರು ಕಲ್ಲವ್ವನ ಸೇವೆ.’

ಲಕಾರದ ಕೆಳಗೆ ಲಕಾರದ ಒತ್ತು, ಚೊಕ್ಕವಾಗಿ.

ಉಮಾವತಿ ಗಟ್ಟಿಯಾಗಿ ಓದಿದಳು, ಮರಾಠಿಯಲ್ಲಿ ಅರ್ಥ ಹೇಳಿದಳು. “ಈ ನೀರು ಕೊಟ್ಟವಳೇ ಇವಳು! ನಿಮ್ಮ ಅಜ್ಜಂದಿರ ಅಜ್ಜಂದಿರಿಗೆ ಕುಡಿಸಿದವಳು. ಅವಳ ನೀರು ಕುಡಿದು ಅವಳಿಗೇ ಕಲ್ಲು ಹೊಡೆದಿರಲ್ಲ!” ಅಳು ಬಂದದ್ದಕ್ಕೂ ಸಿಟ್ಟು ಬಂತು, ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

ಜನ ಈರಬಸಪ್ಪನ ಮುಖ ನೋಡಿದರು. ಓದು ಬಲ್ಲ ಸಾಹೇಬ ಅವನಲ್ಲವೇ, ಅವನ ಬಾಯಿಂದ ಬರಬೇಕು. ಈರಬಸಪ್ಪ ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದಂತೆ ಮಾಡಿದ. ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ಗ್ರಾಮಸ್ಥರೇ, ಸಂಶೋಧನೆ ಅಂದರೆ ಹೀಗೇ. ಅಂದು ಕುಂಕುಮ ದಪ್ಪವಾಗಿ ಮೆತ್ತಿತ್ತು, ಅಕ್ಷರ ಕಾಣುವಂತಿರಲಿಲ್ಲ. ಕಂಡಷ್ಟರಿಂದ ಒಂದು ಊಹೆ ಮಾಡಿದ್ದೆ. ಇಂದು ನಾನೇ ಬಂದು ನಿಂತು ಸತ್ಯ ಹೊರಗೆ ತಂದೆನಲ್ಲ, ಅದೇ ಸಂತೋಷ. ಇದನ್ನೂ ಬರೆಯುತ್ತೇನೆ,” ಅಂದ.

ಅಬ್ಬಾ, ಏನು ನಾಲಿಗೆ! ಕಲ್ಲು ಎತ್ತಿ ಎತ್ತಿ ಉಗುರು ಕಿತ್ತುಕೊಂಡವರು ಹೆಂಗಸರು, ಸತ್ಯ ಹೊರಗೆ ತಂದವನು ಇವನಂತೆ. ಸರಪಂಚ ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದ. ಅಷ್ಟರಲ್ಲಿ ಹೌಸಾಬಾಯಿ, “ಆದರೆ ಸಾಹೇಬ, ಅಂದು ನೀವೂ ನಮ್ಮ ಮನೆಯಿಂದ ಹಿಟ್ಟು ಒಯ್ದಿದ್ದಿರಿ,” ಅಂದಳು.

ಸರಪಂಚ ಎತ್ತಿದ ಕೈ ಇಳಿಸಿದ.

“ಹೀಗೇ ತಿಕ್ಕಿದಿರಿ,” ಮುದುಕಿ ಕೈಯಾಡಿಸಿ ತೋರಿಸಿದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ನೆನಪಾದದ್ದನ್ನು ಹೇಳುತ್ತಿದ್ದಳು ಅಷ್ಟೇ. “ಮೇಲಿನ ಕುಂಕುಮವನ್ನು ನೀರು ಹಾಕಿ ತೊಳೆದಿರಿ, ಆಮೇಲೆ ಹಿಟ್ಟು. ಅಕ್ಷರ ಬೆಳ್ಳಗೆ ಕಂಡವು. ನೀವು ವಹಿಯಲ್ಲಿ ಬರೆದುಕೊಂಡಿರಿ. ಒಂದು ಬಟ್ಟಲು ಹಿಟ್ಟು ಕಲ್ಲಿಗೆ ಹಾಕಿಸಿದೆ ಎಂದು ಅತ್ತೆ ನನಗೆ ಬೈದಳು, ಅದಕ್ಕೇ ಮರೆತಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈರಬಸಪ್ಪನ ಕೈ ತಾನಾಗಿಯೇ ಕಿಸೆಯ ಪೆನ್ನಿನ ಮೇಲೆ ಹೋಯಿತು. ಉಮಾವತಿ ನೆಲದಿಂದ ಎದ್ದು ಅವನ ಎದುರು ನಿಂತಳು. ಈಗ ಕೂಗಲಿಲ್ಲ.

“ಓದಿದ್ರಿ?”

ಅವನು ಕನ್ನಡದಲ್ಲಿ, ಅವಳೊಬ್ಬಳಿಗೇ ಕೇಳಿಸುವ ಹಾಗೆ ಅಂದ, “ಓದಿದ್ದೆ. ಯಾವಾಕೀನೋ ಒಬ್ಬಾಕಿ ನೀರು ಕೊಟ್ಟಳು ಅಂತ ಬರದ್ರ ಯಾರು ಓದ್ತಿದ್ರು? ಸ್ಟೋರಿನ್ಯಾಗ ನಟ್ಟು ಬೋಲ್ಟು ಕಾಯಾಂವಗ ಯಾರು ಶಾಲು ಹೊದಸ್ತಿದ್ರು? ಕಳ್ಳಿ ಅಂದೆ, ಮಂದಿ ಕಿವಿ ನಿಮಿರಿಸಿದ್ರು. ಅಕಿ ಸತ್ತು ಮುನ್ನೂರು ವರ್ಷ ಆಗ್ಯದ, ಅಕಿಗೇನು ಹತ್ತತದ? ಮನೀಗೆ ಹೋಗಿ ಎಷ್ಟ ಬೇಕಾದ್ರೂ ಬೈಯಿ. ಇಲ್ಲೆ ಬ್ಯಾಡ, ಕೈ ಮುಗೀತೀನಿ.”

“ನಮ್ಮವ್ವನ ಹೆಸರು ಗೊತ್ತಿತ್ತಲ್ಲ ನಿಮಗ?”

ಈರಬಸಪ್ಪ ನೆಲ ನೋಡಿದ. “ಅದಕ್ಕ ನಿನ್ನ ಇಲ್ಲೀತನಾ ಕರಕೊಂಡ ಬರ್ಲಿಲ್ಲ,” ಅಂದ.

ಆ ಲೇಖನ ಬರೆದ ಮೇಲೂ ಇಪ್ಪತ್ತಾರು ವರ್ಷ ಉಮಾವತಿ ಇವನಿಗೆ ರೊಟ್ಟಿ ಬಡಿದು ಹಾಕಿದ್ದಳು. ಆ ಶಾಲನ್ನು ಬಿಸಿಲಿಗೆ ಹಾಕಿ ಮಡಚಿ ಇಟ್ಟದ್ದೂ ಇದೇ ಕೈ. ಇವನಿಗೆ ಗೊತ್ತಿತ್ತು. ಊಟಕ್ಕೆ ಕುಳಿತಾಗಲೂ, ಕಲ್ಲವ್ವನ ತಿಥಿಗೆ ಬೈಲಹೊಂಗಲಕ್ಕೆ ಹೋಗಿ ಫೋಟೊಕ್ಕೆ ಕೈ ಮುಗಿದಾಗಲೂ ಗೊತ್ತಿತ್ತು.

ಜನರಿಗೆ ಕನ್ನಡ ತಿಳಿಯದು. ಸಾಹೇಬರ ಮುಖ ನೋಡಿದರು, ಉಮಾವತಿಯ ಮುಖ ನೋಡಿದರು. ಸರಪಂಚ ಉಮಾವತಿಯನ್ನೇ ಕೇಳಿದ, “ಕಾಯ್ ಮ್ಹಣಾಲೆ?” ಏನಂದರು?

“ಅವ್ವಾ, ಬ್ಯಾಡ,” ಅಂದ ವಿಕಾಸ. ಅವನು ಹತ್ತಿರ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. “ತಪ್ಪಾತು ಅಂದ್ರು ಅಂತ ಹೇಳಿಬಿಡು. ಅಪ್ಪಂದು ಉಳೀತದ. ಬೋರ್ಡು ನಾನ ಬದಲಿ ಮಾಡಸ್ತೀನಿ.”

ಹೇಳಬಹುದಿತ್ತು. ತಪ್ಪಾಯಿತು ಅನ್ನುತ್ತಾರೆ ಅಂದಿದ್ದರೆ ಸಾಕಿತ್ತು, ಊರು ಒಪ್ಪುತ್ತಿತ್ತು, ಬುತ್ತಿ ಬಿಚ್ಚಬಹುದಿತ್ತು. ಮೂವತ್ತೆಂಟು ವರ್ಷ ಆಕೆ ಗಂಡ ಮನೆಯಲ್ಲಿ ಅಂದದ್ದನ್ನು ಹೊರಗಿನವರಿಗೆ ಮರಾಠಿಯಲ್ಲಿ ಹೇಳುವಾಗ ಹಾಗೇ ಮಾಡಿದ್ದಳು. ಬಾಡಿಗೆ ಮನೆಯವನ ಮುಂದೆ, ಕಾರಖಾನೆಯ ಸಾಹೇಬರ ಹೆಂಡತಿಯ ಮುಂದೆ, ಬೀಗರ ಮುಂದೆ, ಅವನ ಒರಟು ಮಾತಿಗೆ ಬೆಲ್ಲ ಸವರಿಯೇ ದಾಟಿಸಿದ್ದಳು.

ಉಮಾವತಿ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡಳು. ಜನರ ಕಡೆ ತಿರುಗಿ, ಮಂಡಿಯಲ್ಲಿ ಮಾತಾಡುವ ಗಟ್ಟಿ ದನಿಯಲ್ಲಿ, ಗಂಡ ಅಂದದ್ದನ್ನು ಮೊದಲಿನಿಂದ ಮರಾಠಿಯಲ್ಲಿ ಹೇಳಿದಳು. ಓದಿದ್ದೆ ಅಂದದ್ದನ್ನು ಹೇಳಿದಳು. ನಟ್ಟು ಬೋಲ್ಟಿನ ಮಾತು ಹೇಳಿದಳು, ಶಾಲಿನ ಮಾತು ಹೇಳಿದಳು. ಸತ್ತವಳಿಗೇನು ಹತ್ತುತ್ತದೆ ಅಂದದ್ದನ್ನೂ, ತನ್ನ ತಾಯಿಯ ಹೆಸರು ಇದೇ ಎಂಬುದನ್ನೂ, ಅದಕ್ಕೇ ತನ್ನನ್ನು ಇಲ್ಲಿಯ ತನಕ ಕರೆತರಲಿಲ್ಲ ಅಂದದ್ದನ್ನೂ ಹೇಳಿದಳು. ನಡುವೆ ಯಾರೋ ಇಬ್ಬರು ಫಲಕ ಎತ್ತಿ ಬೋರಲು ಹಾಕಿದರು. ಹೌಸಾಬಾಯಿ ಕಲ್ಲಿನ ಹತ್ತಿರ ಹೋಗಿ ಕುಳಿತಳು. ಈರಬಸಪ್ಪ ಅಲ್ಲೇ ನಿಂತಿದ್ದ, ಕೊರಳಲ್ಲಿ ಸತ್ಕಾರದ ಹಾರವಿತ್ತು.

ಎಲ್ಲ ಹೇಳಿ ಮುಗಿಸಿ ಆಕೆ ಅವನ ಕಡೆ ತಿರುಗಿದಳು. “ಮರಾಠಿ ನಿಮಗೂ ಬರ್ತದಲ್ಲ. ಒಂದ ಶಬ್ದ ಹೆಚ್ಚುಕಡಿಮಿ ಹೇಳಿದ್ರ, ತಿದ್ರಿ.”

ಈರಬಸಪ್ಪ ತಿದ್ದಲಿಲ್ಲ.